ನಮ್ಮ ಮನೆಯ ಸಮಾಳ

ಹೊಸಕೋಟೆಯಿಂದ ಚಿಂತಾಮಣಿಯ ಕಡೆಗೆ ಹೋಗುವ ದಾರಿಯಲ್ಲಿರುವ ನಂದಗುಡಿ ನನ್ನ ತವರೂರು. ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ನೀಲಗಿರಿಯ ತೋಪುಗಳ ಈ ಸೀಮೆಯಲ್ಲಿ ಕನ್ನಡ ತೆಲುಗುಗಳೆರಡೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುತ್ತವೆ. ನಮ್ಮ ಮನೆದೇವರು ವೀರಭದ್ರಸ್ವಾಮಿ. ಸ್ವಾಮಿಯ ಸೇವೆಯಲ್ಲಿ ನಮ್ಮ ಮನೆಯವರ ಪಾಲಿಗೆ ಬಂದದ್ದು ಸಮಾಳ ನುಡಿಸುವ ಕಾಯಕ. ಅಜ್ಜ ನುಡಿಸಿದರು, ಅವರಿಂದ ತಂದೆಯವರು ಕಲಿತರು, ತಂದೆಯವರಿಂದ ಅಣ್ಣ ಕಲಿತರು. ಈಗ ಅಣ್ಣನ ಮೊಮ್ಮಗಳು, 10 ವರ್ಷದ ಹುಡುಗಿ, ಕಲಿಯುತ್ತಿದ್ದಾಳೆ. ನಾನು ಬರೆಯಹೊರಟಿರುವುದು ಈ ಕಡೆಯ ಸಂಗತಿಯನ್ನು ಕುರಿತು.

ಸಮಾಳವೆಂಬುದು ಜೋಡಿ ವಾದ್ಯ. ಪುಸ್ತಕಗಳಲ್ಲಿ ಇದಕ್ಕೆ ಸಂಬಾಳವೆಂದೂ ಕೆಲವು ಕಡೆ ಚಮಾಳವೆಂದೂ ಹೆಸರು ಕಾಣುತ್ತದೆ. ಒಂದು ದೊಡ್ಡದು, ಒಂದು ಚಿಕ್ಕದು, ಬೋಗುಣಿಯಂತಹ ಎರಡು ಒಡಲುಗಳ ಬಾಯಿಗೆ ಚರ್ಮ ಬಿಗಿದು, ಒಂದಕ್ಕೊಂದು ಜೋಡಿಸಿ ಸೊಂಟಕ್ಕೆ ಕಟ್ಟಿಕೊಳ್ಳುವರು. ದೊಡ್ಡದರದು ತಗ್ಗಿನ ದನಿ, ಚಿಕ್ಕದರದು ಏರುದನಿ. ಬಾರಿಸುವುದಕ್ಕೆ ಎರಡು ಕಡ್ಡಿಗಳು. ನಮ್ಮ ಮನೆಯ ಕಡ್ಡಿಗಳಲ್ಲಿ ಒಂದರ ತುದಿ ಬಾಗಿದೆ, ಹಿಡಿ ಮೂರು ತಲೆಮಾರಿನ ಬೆವರು ಕುಡಿದು ಹುಣಿಸೆಬೀಜದಂತೆ ನುಣುಪಾಗಿದೆ. ಒಡಲು ತಾಮ್ರದ್ದು. ಕರಡೆ, ತಾಳ, ಶಹನಾಯಿಗಳೊಡನೆ ಇದು ವೀರಗಾಸೆಗೆ ಒದಗುತ್ತದೆ. ಶ್ರಾವಣ ಕಾರ್ತಿಕಗಳ ಉತ್ಸವ, ಜಾತ್ರೆ, ವೀರಭದ್ರನ ಒಕ್ಕಲಿನ ಮನೆಗಳ ಮದುವೆಯಲ್ಲಿ ಹೊರಡುವ ಗುಗ್ಗಳ, ಇವು ಸಮಾಳಕ್ಕೆ ಕರೆ ಬರುವ ಸಂದರ್ಭಗಳು.

ವೀರಗಾಸೆಯನ್ನು ಈಗಿನವರು ಬಹುಮಟ್ಟಿಗೆ ಕುಣಿತವೆಂದೇ ಬಲ್ಲರು. ದಸರೆಯ ಮೆರವಣಿಗೆಯಲ್ಲಿ ನೋಡಿದವರಿಗೆ ಕಣ್ಣಿಗೆ ಕಟ್ಟುವುದು ಕಾವಿಯ ಉಡುಗೆ, ರುದ್ರಾಕ್ಷಿ, ಎದೆಯ ಮೇಲಿನ ವೀರಭದ್ರನ ಹಲಗೆ, ಕೈಯ ಖಡ್ಗ. ಆದರೆ ಊರ ಗುಡಿಯ ಮುಂದೆ ಅದನ್ನು ಕಂಡವರಿಗೆ ಒಡಪಿನ ಬೆಲೆ ತಿಳಿದಿರುತ್ತದೆ. ದಕ್ಷಬ್ರಹ್ಮನ ಯಜ್ಞ, ಕರೆಯದೆ ಹೋದ ದಾಕ್ಷಾಯಿಣಿಗೆ ಆದ ಅವಮಾನ, ಆಕೆ ಅಗ್ನಿಗೆ ಬಿದ್ದದ್ದು, ವೀರಭದ್ರನ ಹುಟ್ಟು, ಯಜ್ಞಧ್ವಂಸ, ಇಷ್ಟನ್ನೂ ಒಬ್ಬ ಹಿರಿಯ ಒಡಪಿನಲ್ಲಿ ಹೇಳುತ್ತಾನೆ. ಅವನು ಬಾಯಿ ತೆರೆದಾಗ ವಾದ್ಯ ಬಾಯಿ ಮುಚ್ಚಬೇಕು. ಅವನು ಉಸಿರು ತಿರುಗಿಸುವ ಕ್ಷಣದಲ್ಲಿ ಸಮಾಳ ಎದ್ದು ನಿಲ್ಲಬೇಕು. ಒಂದು ಪೆಟ್ಟು ಮುಂಚೆ ಬಿದ್ದರೆ ಮಾತು ಕೆಡುತ್ತದೆ, ಒಂದು ಪೆಟ್ಟು ತಡವಾದರೆ ಕುಣಿಯುವವರ ಕಾಲು ಕೆಡುತ್ತದೆ. ಈ ಹದವನ್ನು ಯಾರೂ ಬರೆದಿಟ್ಟಿಲ್ಲ. ತಂದೆಯವರು ಅದನ್ನು ಅಣ್ಣನಿಗೆ ಬಾಯಿಂದ ಬಾಯಿಗೆ ಕೊಟ್ಟರು.

ಆ ಪಾಠ ನಡೆಯುತ್ತಿದ್ದುದು ನಮ್ಮ ಹಿತ್ತಿಲ ಕಣದಲ್ಲಿ, ಸಂಜೆ ದನ ಕಟ್ಟಿ ಹಾಲು ಕರೆದ ಮೇಲೆ. ಮೊದಲ ಒಂದು ವರ್ಷ ಅಣ್ಣನಿಗೆ ಕಡ್ಡಿ ಮುಟ್ಟಲು ಅಪ್ಪಣೆಯಿರಲಿಲ್ಲ. ತೊಡೆಯ ಮೇಲೆ ಕೈ ತಟ್ಟುತ್ತ ಸೊಲ್ಲು ಹೇಳಬೇಕು, ಅಷ್ಟೆ. ನಮ್ಮ ಮನೆಯ ಮಾತಿನಲ್ಲಿ ಒಂದೊಂದು ಸೊಲ್ಲುಕಟ್ಟಿಗೂ ಒಂದೊಂದು ಹೆಸರು: ಗುಡಿಯ ನಡೆ, ಗುಗ್ಗಳದ ನಡೆ, ಖಡ್ಗದ ಏರು, ಒಡಪಿನ ತಡೆ. ಅಡುಗೆಮನೆಯ ಹಿಂಬಾಗಿಲ ಹೊಸ್ತಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಲೋ ರಾಗಿ ಕೇರುತ್ತಲೋ ನಾನು ಅದನ್ನೆಲ್ಲ ಕೇಳುತ್ತಿದ್ದೆ. ಅಣ್ಣ ತಪ್ಪಿದ ಕಡೆ ನನ್ನ ಬಾಯಿ ತಾನಾಗಿ ಸರಿಯಾದ ಸೊಲ್ಲನ್ನು ಹೇಳುತ್ತಿತ್ತು. ಒಮ್ಮೆ ಅದು ತಂದೆಯವರ ಕಿವಿಗೆ ಬಿತ್ತು. ಅವರು ನಕ್ಕು, “ಇವಳು ಗಂಡಾಗಿ ಹುಟ್ಟಬೇಕಿತ್ತು” ಎಂದು ಅವ್ವನಿಗೆ ಹೇಳಿದರು. ಅದು ಮೆಚ್ಚುಗೆಯ ಮಾತು. ಆ ಕಾಲಕ್ಕೆ ಮೆಚ್ಚುಗೆ ಹಾಗೆಯೇ ಬರುತ್ತಿತ್ತು, ಅಲ್ಲಿಗೇ ನಿಲ್ಲುತ್ತಿತ್ತು ಕೂಡ. ಸಮಾಳವನ್ನು ಯಾರೂ ನನ್ನ ಸೊಂಟಕ್ಕೆ ಕಟ್ಟಲಿಲ್ಲ. ಮದುವೆಯಾಗಿ ನಾನು ಬೇರೆ ಊರಿಗೆ ಹೋದೆ, ಶಾಲೆಯಲ್ಲಿ ಪಾಠ ಹೇಳಿದೆ, ನಿವೃತ್ತಳಾದೆ.

2022ರ ಮಾಘದಲ್ಲಿ ಅಣ್ಣನಿಗೆ ಲಕ್ವ ಹೊಡೆಯಿತು. ಜೀವಕ್ಕೆ ಅಪಾಯವಾಗಲಿಲ್ಲ, ಎಡಗೈ ಮಾತ್ರ ಮೊದಲಿನಂತಾಗಲಿಲ್ಲ. ಊಟ, ಸ್ನಾನ, ಲಿಂಗಪೂಜೆ ಎಲ್ಲವೂ ನಡೆಯುತ್ತವೆ. ಕಡ್ಡಿ ಹಿಡಿದರೆ ಮೂರನೆಯ ಪೆಟ್ಟಿಗೆ ಜಾರುತ್ತದೆ. ಅಣ್ಣನ ಇಬ್ಬರು ಗಂಡುಮಕ್ಕಳೂ ಎಳೆಯ ವಯಸ್ಸಿನಲ್ಲಿ ಹಾಸ್ಟೆಲಿನಲ್ಲಿದ್ದು ಓದಿದವರು. ಹಿರಿಯವನಿಗೆ ವೈಟ್‌ಫೀಲ್ಡಿನಲ್ಲಿ ಕಂಪ್ಯೂಟರಿನ ಕೆಲಸ, ಕಿರಿಯವನು ಹೈದರಾಬಾದಿನಲ್ಲಿ ಇದ್ದಾನೆ. ಒಳ್ಳೆಯ ಮಕ್ಕಳು, ತಂದೆಯ ಆರೈಕೆಯಲ್ಲಿ ಕೊರತೆ ಮಾಡಿದವರಲ್ಲ. ಆದರೆ ಸಮಾಳ ಅವರ ಕೈಗೆ ಹತ್ತಲಿಲ್ಲ. ಆ ವರ್ಷದ ಕಾರ್ತಿಕದಲ್ಲಿ ಪಕ್ಕದ ಹಳ್ಳಿಯಿಂದ ಬಾಡಿಗೆಯ ವಾದ್ಯದವರನ್ನು ಕರೆಸಿದರು. ಅವರು ಚೆನ್ನಾಗಿಯೇ ಬಾರಿಸಿದರು. ಒಡಪು ಹೇಳುವ ಹಿರಿಯರು ಮಾತ್ರ ಎರಡು ಕಡೆ ನಿಂತು ಹಿಂದಿರುಗಿ ನೋಡಿದರು. ಅಣ್ಣ ಕುರ್ಚಿಯ ಮೇಲೆ ಕುಳಿತು ಬಲಗೈಯಿಂದ ತೊಡೆ ತಟ್ಟುತ್ತಿದ್ದರು.

ಅದನ್ನು ಕಂಡವಳು ಹಿರಿಯವನ ಮಗಳು. “ತಾತ, ನನಗೆ ಹೇಳಿಕೊಡಿ” ಎಂದಳು. ತಾತ, “ಇದು ಭಾರ ಕಣಮ್ಮ” ಎಂದರು. ಅವಳು, “ನನ್ನ ಸ್ಕೂಲ್ ಬ್ಯಾಗಿಗಿಂತಲೂ?” ಎಂದಳು. ಇಷ್ಟರಲ್ಲೇ ವಿಷಯ ತೀರ್ಮಾನವಾಯಿತೆಂದು ಓದುಗರು ತಿಳಿಯಬಾರದು. ಮನೆಯಲ್ಲಿ ನಾಲ್ಕಾರು ದಿನ ಚರ್ಚೆ ನಡೆಯಿತು. ಬಂಧುಗಳಲ್ಲಿ ಒಬ್ಬ ಹಿರಿಯರು ಹೆಣ್ಣುಮಗು ವೀರಭದ್ರನ ವಾದ್ಯ ಮುಟ್ಟುವುದು ಸಲ್ಲದೆಂದರು. ಈಗ ಚಿಕ್ಕವಳು, ನಾಳೆ ದೊಡ್ಡವಳಾಗುತ್ತಾಳೆ, ಆಗ ತಿಂಗಳಿಗೆ ಮೂರು ದಿನದ ಗತಿ ಏನು ಎಂಬುದು ಅವರ ಪ್ರಶ್ನೆ. ಅಣ್ಣನ ಮಾತು ಆಗ ಇನ್ನೂ ಸ್ವಲ್ಪ ತೊದಲುತ್ತಿತ್ತು. ಆದರೂ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು: “ಲಿಂಗವಂತರಿಗೆ ಪಂಚಸೂತಕವಿಲ್ಲ.” ಜನನ, ಮರಣ, ರಜಸ್ಸು, ಎಂಜಲು, ಜಾತಿ, ಈ ಐದು ಸೂತಕಗಳೂ ಇಷ್ಟಲಿಂಗ ಧರಿಸಿದವರಿಗೆ ಇಲ್ಲವೆಂಬುದನ್ನು ನಾವು ಸಭೆಗಳಲ್ಲಿ ಎಷ್ಟು ಸಲ ಕೇಳಿಲ್ಲ! ಅಂಗೈಯಲ್ಲಿ ಲಿಂಗ ಹಿಡಿಯಲು ಅಡ್ಡಿಯಿಲ್ಲದ ದಿನ ಕೈಯಲ್ಲಿ ಕಡ್ಡಿ ಹಿಡಿಯಲು ಯಾವ ಅಡ್ಡಿ? ಆ ಹಿರಿಯರು ಒಪ್ಪಿದರೆಂದು ಹೇಳಲಾರೆ. ಕಾಫಿ ಕುಡಿದು ಎದ್ದು ಹೋದರು.

ಅಂದಿನಿಂದ ನನ್ನ ಮನಸ್ಸು ಒಂದು ವಿಚಾರದ ಬೆನ್ನು ಹತ್ತಿದೆ. ವಾದ್ಯ ಮನೆತನದ್ದು ಎನ್ನುತ್ತೇವೆ. ಆ ಮನೆತನವೆಂದರೆ ಏನು? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಿನ್ನರಿ ಬೊಮ್ಮಯ್ಯನವರು ಇದ್ದರು. ಹುಟ್ಟಿನಿಂದ ಅಕ್ಕಸಾಲೆ. ಚಿನ್ನದ ಕೆಲಸ ಬಿಟ್ಟು ತ್ರಿಪುರಾಂತಕನ ಮುಂದೆ ಕಿನ್ನರಿ ನುಡಿಸುವುದನ್ನೇ ಕಾಯಕವಾಗಿ ಹಿಡಿದರು. ಅವರ ಹೆಸರಿನ ಮುಂದೆ ಉಳಿದದ್ದು ಆರಿಸಿಕೊಂಡ ವಾದ್ಯ, ಹುಟ್ಟಿದ ಕಸುಬಲ್ಲ. ಢಕ್ಕೆಯ ಬೊಮ್ಮಣ್ಣನವರು ಢಕ್ಕೆ ಬಾರಿಸುವವರು. ಅದೇ ಕೈಯಿಂದ ವಚನಗಳನ್ನೂ ಕೊಟ್ಟರು. ಸಕಲೇಶ ಮಾದರಸರು ಅರಸರಾಗಿದ್ದು ವೀಣೆಯಲ್ಲಿ ಪ್ರವೀಣರೆನಿಸಿದ್ದರು. ನಮ್ಮ ಕಾಲಕ್ಕೆ ಬಂದರೆ, ಹುಟ್ಟುಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ಸಂಗೀತ ಕಲಿತು, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಅನಾಥ ಮಕ್ಕಳಿಗೆ ಅದನ್ನು ಧಾರೆಯೆರೆದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಹೊಣೆ ಹೊತ್ತು 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳು ಎಷ್ಟು ವಾದ್ಯ ಬಲ್ಲವರಾಗಿದ್ದರು! ಅಲ್ಲಿ ತಂದೆ ಮಗನೆಂಬ ಲೆಕ್ಕವೇ ಇಲ್ಲ. ಇಷ್ಟಾದರೂ ನಾವು ಒಂದು ಜೊತೆ ತಾಮ್ರದ ಬೋಗುಣಿಯನ್ನು ಮಗನ ಮಗನಿಗೆಂದು ಗೂಟಕ್ಕೆ ತೂಗುಹಾಕಿ ಕಾಯುತ್ತೇವೆ.

ಮನೆತನದ ಬಲವನ್ನು ಹಗುರವಾಗಿ ಎಣಿಸುವುದೂ ಸರಿಯಲ್ಲ. ಅದನ್ನು ನನಗೆ ಮನಗಾಣಿಸಿದ್ದು ಬಹುದೂರದ ಒಂದು ನಾಡಿನ ಕಥೆ. ಮಗಳು ಸಮಾಳ ಹಿಡಿದದ್ದನ್ನು ಕಂಡ ಅಣ್ಣನ ಮಗ ಒಂದು ಭಾನುವಾರ ತನ್ನ ಮೊಬೈಲಿನಲ್ಲಿ ಪಶ್ಚಿಮ ಆಫ್ರಿಕಾದ ಕೋರಾ ಎಂಬ ವಾದ್ಯವನ್ನು ನಮಗೆಲ್ಲ ತೋರಿಸಿದ. ದೊಡ್ಡ ಒಣಸೋರೆಯನ್ನು ಸೀಳಿ, ಅರ್ಧ ಭಾಗಕ್ಕೆ ಹಸುವಿನ ಚರ್ಮ ಬಿಗಿದು, ಉದ್ದನೆಯ ಕೋಲು ಸೇರಿಸಿ, 21 ತಂತಿ ಕಟ್ಟಿರುತ್ತಾರೆ. ನುಡಿಸುವವರು ಅದನ್ನು ಎದುರಿಗಿಟ್ಟುಕೊಂಡು ಎರಡೂ ಕೈಗಳ ಹೆಬ್ಬೆರಳು ತೋರುಬೆರಳುಗಳಿಂದ ಮೀಟುತ್ತಾರೆ. ಮಾಲಿ, ಗಿನಿ, ಸೆನೆಗಲ್, ಗ್ಯಾಂಬಿಯಾ ದೇಶಗಳಲ್ಲಿ ಇದನ್ನು ನುಡಿಸಲೆಂದೇ ಕೆಲವು ಮನೆತನಗಳುಂಟು. ನಮ್ಮಲ್ಲಿ ಹೆಳವರು ಮನೆಮನೆಯ ವಂಶಾವಳಿ ಹೇಳುವಂತೆ ಅವರು ಅರಸರ, ಊರಿನ ಹಿರಿಯರ ವಂಶವನ್ನು ಹಾಡಿನಲ್ಲಿ ಕಾಯುವರು. ಹದಿಮೂರನೆಯ ಶತಮಾನದ ಸುಂಜಾತಾ ಎಂಬ ದೊರೆಯ ಕಥೆ ಹೀಗೆ ಬಾಯಿಂದ ಬಾಯಿಗೆ ಉಳಿದು ಬಂದಿದೆ. ಮಾಲಿಯ ತುಮಾನಿ ಜಬಾತೆ ಎಂಬ ಕೋರಾ ವಾದಕರು ತಮ್ಮ ಮನೆಯಲ್ಲಿ ತಂದೆಯಿಂದ ಮಗನಿಗೆ 71 ತಲೆಮಾರುಗಳಿಂದ ಈ ವಿದ್ಯೆ ಬಂದಿದೆ ಎನ್ನುತ್ತಿದ್ದರು. ತಂದೆ ಸಿದಿಕಿಯವರೂ ಹೆಸರಾಂತ ವಾದಕರೇ. ಆದರೆ ತುಮಾನಿ ಕಲಿತದ್ದು ಬಹುಪಾಲು ಕೇಳಿ ಕೇಳಿ. ಎದುರಿಗೆ ಕೂರಿಸಿಕೊಂಡು ತಂದೆ ಹೇಳಿಕೊಟ್ಟದ್ದು ಕಡಿಮೆಯಂತೆ. ಈ ಒಂದು ಮಾತು ನನಗೆ ಬಹಳ ಹಿಡಿಸಿತು. ಹೊಸ್ತಿಲಲ್ಲಿ ಕೇಳಿಸಿಕೊಂಡವರು ಅಲ್ಲಿಯೂ ಇದ್ದರು! 2024ರ ಜುಲೈ ತಿಂಗಳಲ್ಲಿ ಅವರು ತೀರಿಕೊಂಡರು. ಅವರ ಮಗನೂ ಕೋರಾ ನುಡಿಸುತ್ತಾನೆ.

ಅವರಲ್ಲಿಯೂ ಕೋರಾ ಗಂಡುಮಕ್ಕಳ ವಾದ್ಯ, ಹೆಣ್ಣುಮಕ್ಕಳದು ಹಾಡುಗಾರಿಕೆ. ಗ್ಯಾಂಬಿಯಾದ ಇಂಥದೇ ಮನೆತನಕ್ಕೆ ಸೇರಿ 1983ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸೋನಾ ಜೊಬಾರ್ತೆ ಎಂಬ ಹೆಣ್ಣುಮಗಳು ಮೊದಲು ಅಣ್ಣನಿಂದ, ಅನಂತರ ತಂದೆಯಿಂದ ಕಲಿತು ಆ ಕಟ್ಟನ್ನು ದಾಟಿದಳು. ಇವಳ ಅಜ್ಜ ಅಮಾದು ಬನ್ಸಾಂಗ್ ಜೊಬಾರ್ತೆ ಆ ನಾಡಿನ ದೊಡ್ಡ ವಾದಕರಲ್ಲಿ ಒಬ್ಬರು. ಈಗ ಅವಳು ಗ್ಯಾಂಬಿಯಾದಲ್ಲಿ ಶಾಲೆಯೊಂದನ್ನು ಕಟ್ಟಿ ಅಲ್ಲಿನ ಮಕ್ಕಳಿಗೆ ನಾಡಿನ ಸಂಗೀತವನ್ನೂ ಕಲಿಸುತ್ತಿದ್ದಾಳೆ. ನಮ್ಮ ಹುಡುಗಿ ಆ ಚಿತ್ರವನ್ನು ಮೂರು ಸಲ ಹಾಕಿಸಿ ನೋಡಿ, ಕೊನೆಗೆ ತಾತನ ಕಡೆ ತಿರುಗಿ, “ಆ ಅಕ್ಕನಿಗೆ ಯಾರೂ ಬೇಡ ಎನ್ನಲಿಲ್ಲವೇ?” ಎಂದು ಕೇಳಿದಳು. “ಎಂದಿರುತ್ತಾರೆ, ನಮ್ಮ ನೆಂಟರು ಅಲ್ಲಿಯೂ ಇರುತ್ತಾರೆ” ಎಂದರು ಅಣ್ಣ. ಲಕ್ವ ಹೊಡೆದ ಮೇಲೆ ಅವರು ಆಡಿದ ಮೊದಲ ನಗೆಮಾತು ಅದು.

ಪಾಠ ಶನಿವಾರ ಸಂಜೆ, ಭಾನುವಾರ ಬೆಳಗ್ಗೆ. ವೈಟ್‌ಫೀಲ್ಡಿನಿಂದ ಹೊಸಕೋಟೆಯ ಮೇಲೆ ಬರುವುದಕ್ಕೆ ವಾಹನಗಳ ದಟ್ಟಣೆಯಲ್ಲಿ ಕೆಲವು ದಿನ ಎರಡು ಗಂಟೆ ಹಿಡಿಯುತ್ತದೆ. ಹುಡುಗಿ ಕಾರಿನಲ್ಲಿಯೇ ಸೊಲ್ಲು ಹೇಳಿಕೊಂಡು ಬರುತ್ತಾಳೆ. ತಂದೆಯವರು ಅಣ್ಣನಿಗೆ ವಿಧಿಸಿದ ಒಂದು ವರ್ಷವನ್ನು ಅಣ್ಣ ಮೊಮ್ಮಗಳಿಗೆ ನಾಲ್ಕು ತಿಂಗಳಿಗೆ ಇಳಿಸಿದರು. ತಮಗಿರುವ ಸಮಯದ ಲೆಕ್ಕ ಅವರಿಗೆ ಗೊತ್ತು. ಆ ನಾಲ್ಕು ತಿಂಗಳೂ ಬಾಯಿ ಮತ್ತು ತೊಡೆ ಅಷ್ಟೇ ವಾದ್ಯ. ತೊಡಕು ಬಂದದ್ದು ಇಲ್ಲಿಯೇ. ಅಣ್ಣನ ವಿದ್ಯೆ ಕೈಯಲ್ಲಿತ್ತು. ಐವತ್ತು ವರ್ಷ ನುಡಿಸಿದವರಿಗೆ ಸೊಲ್ಲನ್ನು ಬಾಯಲ್ಲಿ ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ಈಗ ಕೈ ನಿಂತಿತು, ಬಾಯಿ ಹುಡುಕುತ್ತಿತ್ತು. ಖಡ್ಗದ ಏರಿನಲ್ಲಿ ನಡುವೆ ಬರುವ ತಿರುವಿನ ಬಳಿ ಅವರು ನಿಂತುಬಿಟ್ಟರು. ಹಿಂದಕ್ಕೆ ಹೋಗಿ ಮತ್ತೆ ಬಂದರು, ಮತ್ತೆ ಅಲ್ಲಿಯೇ ನಿಂತರು. ಅವರ ಕಣ್ಣಿನಲ್ಲಿ ನೀರು ತುಂಬಿತು.

ನಾನು ಪಕ್ಕದಲ್ಲಿ ಕುಳಿತು ಅವರೆಕಾಯಿಯನ್ನೇ ಸುಲಿಯುತ್ತಿದ್ದೆ. ಇದು ಬರಹದ ಅಲಂಕಾರಕ್ಕಾಗಿ ಹೇಳಿದ ಮಾತಲ್ಲ, ಪುಷ್ಯ ಮಾಸದಲ್ಲಿ ನಮ್ಮ ಕಡೆ ಹೆಂಗಸರು ಬೇರೇನು ಮಾಡುತ್ತಾರೆ? ಮುಂದಿನ ಸೊಲ್ಲು ನನ್ನ ಬಾಯಿಂದ ಬಂತು. ಐವತ್ತಕ್ಕೂ ಹೆಚ್ಚು ವರ್ಷ ಎಲ್ಲಿತ್ತೋ, ಹಾಗೆಯೇ ಇತ್ತು. ಅಣ್ಣ ತಲೆಯೆತ್ತಿ ನೋಡಿದರು. “ಮುಂದೆ ಹೇಳಮ್ಮ” ಎಂದರು. ಹೇಳಿದೆ. ಎಲ್ಲಿ ಒತ್ತು, ಎಲ್ಲಿ ಬಾಗಿದ ಕಡ್ಡಿಯ ಪೆಟ್ಟು ಎಂಬುದು ನನಗೆ ಗೊತ್ತಿಲ್ಲ. ನನ್ನ ಕೈ ಆ ಕಡ್ಡಿಯನ್ನು ಹಿಡಿದದ್ದೇ ಇಲ್ಲ. ಅದನ್ನು ಅಣ್ಣ ಬಲಗೈಯಿಂದ ಹುಡುಗಿಯ ಮಣಿಕಟ್ಟು ಹಿಡಿದು ತೋರಿಸಿದರು. ಹೀಗೆ ನಮ್ಮ ಮನೆಯ ಪಾಠಕ್ಕೆ ಇಬ್ಬರು ಗುರುಗಳಾದೆವು. ನನ್ನ ಬಾಯಿ, ಅವರ ಒಂದು ಕೈ.

ಎಲ್ಲವೂ ದಕ್ಕಿತೆಂದೇನೂ ಇಲ್ಲ. ಗುಗ್ಗಳ ಬಾಗಿಲಿಗೆ ಬಂದು ನಿಂತಾಗ ನುಡಿಸುವ ಒಂದು ಸೊಲ್ಲುಕಟ್ಟು ಇತ್ತು. ಅಣ್ಣನಿಗೆ ಅದರ ಮೊದಲು ನೆನಪಿದೆ, ನನಗೆ ಅದರ ಕೊನೆ ನೆನಪಿದೆ. ನಡುವಿನದು ಇಬ್ಬರಲ್ಲಿಯೂ ಇಲ್ಲ. ಹುಡುಗಿಯ ತಂದೆ ಈಗ ಪ್ರತಿ ಪಾಠವನ್ನೂ ಮೊಬೈಲಿನಲ್ಲಿ ಮುದ್ರಿಸಿಕೊಳ್ಳುತ್ತಾನೆ. ಒಳ್ಳೆಯದೇ. ಒಡಪಿನ ಹಿರಿಯರಿಗೆ 80 ದಾಟಿದೆ, ಅವರದನ್ನೂ ಮುದ್ರಿಸಿಕೊಂಡಿದ್ದಾನೆ. ಮನೆಯಲ್ಲಿ ಹಿರಿಯರಿರುವ ಓದುಗರು ಈ ಕೆಲಸವನ್ನು ಮುಂದಿನ ಹಬ್ಬಕ್ಕೆಂದು ಇಟ್ಟುಕೊಳ್ಳದಿರುವುದು ಲೇಸು.

ಕಡ್ಡಿ ಕೈಗೆ ಬಂದ ಮೇಲೆ ಇನ್ನೊಂದು ಸಮಸ್ಯೆ ಎದುರಾಯಿತು. ವರ್ಷವಿಡೀ ಗೂಟದಲ್ಲಿದ್ದ ಸಮಾಳದ ಚರ್ಮ ಒಣಗಿ ದೊಡ್ಡ ಮುಖದಲ್ಲಿ ಸೀಳು ಬಿಟ್ಟಿತ್ತು. ಹಿಂದೆ ಮುಚ್ಚಿಗೆ ಹಾಕಿಕೊಡುತ್ತಿದ್ದವರು ಊರಿನ ಇನ್ನೊಂದು ಕೇರಿಯ ಒಬ್ಬ ಹಿರಿಯರು. ಅವರಿಲ್ಲದೆ ನಮ್ಮ ಮನೆಯ ಸಮಾಳಕ್ಕೆ ದನಿಯೇ ಇರುತ್ತಿರಲಿಲ್ಲವೆಂಬುದನ್ನು ಯಾವ ಉತ್ಸವದ ಕರೆಯೋಲೆಯೂ ಅಚ್ಚು ಹಾಕಿದ್ದನ್ನು ನಾನು ಕಾಣೆ. ಮಾದಾರ ಚೆನ್ನಯ್ಯನವರ, ಹರಳಯ್ಯನವರ ಹೆಸರನ್ನು ನಿತ್ಯ ಸ್ಮರಿಸುವ ನಾವು ಇದನ್ನು ಗಮನಿಸಬೇಡವೇ? ಆ ಹಿರಿಯರು ಈಗಿಲ್ಲ. ಅವರ ಮಗ ಹೊಸಕೋಟೆಯ ಬಳಿ ಕಾರ್ಖಾನೆಯಲ್ಲಿ ದುಡಿಯುತ್ತಾನೆ. ಕೇಳಿದಾಗ, “ಈಗ ತಮಟೆಗೇ ಫೈಬರ್ ಹಾಕಿ ಬೋಲ್ಟು ಬಿಗಿಯುತ್ತಾರೆ, ನಿಮಗೂ ಹಾಗೆಯೇ ಮಾಡಿಸಿಕೊಡಲೇ ಅಮ್ಮ?” ಎಂದ. ಅಣ್ಣ ಬೇಡವೆನ್ನುತ್ತಾರೆಂದು ನಾನು ಎಣಿಸಿದ್ದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಅಭ್ಯಾಸಕ್ಕೆ ಬೇರೊಂದು ಜೊತೆಗೆ ಹಾಕಿಕೊಡು, ಗುಡಿಯದಕ್ಕೆ ಚರ್ಮವೇ ಇರಲಿ ಎಂದರು. ಕೋರಾದ ತಂತಿಗಳೂ ಒಂದು ಕಾಲಕ್ಕೆ ಜಿಂಕೆಯ ಜಾತಿಯ ಪ್ರಾಣಿಯ ತೊಗಲಿನವು. ಈಗ ಮೀನು ಹಿಡಿಯುವ ನೈಲಾನ್ ದಾರ ಕಟ್ಟುತ್ತಾರೆ. ಆ ಹುಡುಗ ಎರಡು ಭಾನುವಾರ ಬಂದು ತನ್ನ ತಂದೆಯ ಕೈಕೆಲಸವನ್ನು ನೆನಪು ಮಾಡಿಕೊಳ್ಳುತ್ತ ಹೊಸ ಚರ್ಮ ಬಿಗಿದ. ಎರಡನೆಯ ಭಾನುವಾರ ಅವನು ತನ್ನ ಮಗನನ್ನೂ ಕರೆತಂದಿದ್ದ.

ಫೈಬರಿಗೆ ಬಿಸಿ ಬೇಡ, ಬಿಸಿಲು ಬೇಡ, ಯಾವಾಗಲೂ ಒಂದೇ ದನಿ. ಚರ್ಮ ಹಾಗಲ್ಲ. ಮೋಡ ಕವಿದರೆ ಸೋಲುತ್ತದೆ, ಇಬ್ಬನಿಗೆ ಮಂಕಾಗುತ್ತದೆ. ನುಡಿಸುವ ಮುನ್ನ ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಬೇಕು, ಬೆರಳಿನಿಂದ ತಟ್ಟಿ ಕಿವಿಗೊಡಬೇಕು. ಹುಡುಗಿಗೆ ಇಡೀ ಪಾಠದಲ್ಲಿ ಅತ್ಯಂತ ಪ್ರಿಯವಾದದ್ದು ಈ ಬೆಂಕಿ. ಅತ್ಯಂತ ಬೇಸರದ್ದು ಒಡಪಿನ ತಡೆ. ಕಡ್ಡಿ ಎತ್ತಿ ಹಿಡಿದು, ಹೊಡೆಯದೆ, ಒಡಪು ಮುಗಿಯುವವರೆಗೆ ನಿಲ್ಲುವುದು 10 ವರ್ಷದ ಕೈಗೆ ಸುಲಭವಲ್ಲ. “ಸುಮ್ಮನೆ ನಿಲ್ಲುವುದನ್ನು ಏಕೆ ಅಭ್ಯಾಸ ಮಾಡಬೇಕು ತಾತ?” ಎಂದು ಒಂದು ದಿನ ಸಿಡುಕಿದಳು. ಅಣ್ಣ ಉತ್ತರ ಕೊಡದೆ ದಾಕ್ಷಾಯಿಣಿಯ ಪ್ರಸಂಗದ ಮುದ್ರಿಕೆಯನ್ನು ಹಾಕಿಸಿದರು. ಆಕೆ ಅಗ್ನಿಗೆ ಬೀಳುವ ಕಡೆ ಹಿರಿಯರ ದನಿ ಇಳಿದು ಬಹುತೇಕ ಪಿಸುಮಾತಾಗುತ್ತದೆ. ಹುಡುಗಿ ಎತ್ತಿದ ಕಡ್ಡಿಯನ್ನು ಎತ್ತಿದ ಹಾಗೆಯೇ ಹಿಡಿದು ನಿಂತಳು. ಅಂದಿನಿಂದ ಆ ಪ್ರಶ್ನೆ ಬಂದಿಲ್ಲ.

ಕಳೆದ ಕಾರ್ತಿಕದ ಕೊನೆಯ ಸೋಮವಾರ ಗುಡಿಯ ಮುಂದೆ ಅವಳು ನುಡಿಸಿದಳು. ಬಾಡಿಗೆಯ ವಾದ್ಯದವರು ಪೂರ್ತಿ ಸೇವೆ ನಡೆಸಿದರು. ಗುಡಿಯ ನಡೆ ಮತ್ತು ಮೊದಲ ಒಡಪು ಮಾತ್ರ ಇವಳ ಪಾಲು. ನಡುಕಟ್ಟನ್ನು ನಾನೇ ಎರಡು ಸುತ್ತು ಹೆಚ್ಚಾಗಿ ಸುತ್ತಿ ಕಟ್ಟಿದೆ, ಅವಳ ಸೊಂಟ ಅಷ್ಟು ಸಣ್ಣದು. ಪಾಠಕ್ಕೆ ಒಪ್ಪದೆ ಎದ್ದುಹೋಗಿದ್ದ ಬಂಧುಗಳು ದೂರದಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದರು. ಒಮ್ಮೆ ಬಾಗಿದ ಕಡ್ಡಿ ಅಂಚಿಗೆ ತಾಗಿ ತಾಮ್ರ ಕಣಕ್ಕೆಂದಿತು, ಅವಳು ನಿಲ್ಲಲಿಲ್ಲ. ಒಡಪು ಎದ್ದಿತು, ಸಮಾಳ ನಿಂತಿತು. ಹಿರಿಯರು ಉಸಿರು ತಿರುಗಿಸಿದರು, ಸಮಾಳ ಸರಿಯಾಗಿ ಅಲ್ಲಿಯೇ ಎದ್ದಿತು. ಈ ಸಲ ಅವರು ಹಿಂದಿರುಗಿ ನೋಡಲಿಲ್ಲ.

ಸೇವೆ ಮುಗಿದು ಪ್ರಸಾದಕ್ಕೆ ಕುಳಿತಾಗ ಅವಳು ಮೊದಲು ಕೇಳಿದ್ದು ಗುಗ್ಗಳದ ಆ ಮರೆತುಹೋದ ನಡುಭಾಗವನ್ನು. ವೈಶಾಖದಲ್ಲಿ ನಮ್ಮ ಬಂಧುಗಳಲ್ಲಿ ಒಂದು ಮದುವೆಯಿದೆ, ಗುಗ್ಗಳ ಹೊರಡುತ್ತದೆ. ಅಷ್ಟರೊಳಗೆ ಅದೇ ಸೇವೆಯ ಇತರ ಮನೆಗಳ ಹಿರಿಯರನ್ನು ಕಂಡು ಕೇಳಿಬರಬೇಕೆಂದು ಅಣ್ಣ ಹೇಳಿದ್ದಾರೆ. ಹೋಗುವವರು ನಾನು ಮತ್ತು ಅವಳು. ಶಾಲೆಗೆ ರಜೆ ಬರುವುದನ್ನು ಕಾಯುತ್ತಿದ್ದೇವೆ.